ಸ್ಟಾಕ್‌ಹೋಮಿನಲ್ಲಿ ನಿಂತ ಹಡಗು

ನಮ್ಮ ಸೋದರಮಾವ ಮಂಗಳೂರು ಬಿಟ್ಟು ಎಲ್ಲಿಗೂ ಹೋದವರಲ್ಲ. ಹಾಗಿದ್ದೂ ಓಸ್ಲೊ, ಕೋಪನ್‌ಹೇಗನ್, ಸ್ಟಾಕ್‌ಹೋಮ್ ಎಂಬ ಮೂರು ಪಟ್ಟಣಗಳನ್ನು ಹೆಂಡತಿಗೆ ತೋರಿಸಿಕೊಂಡು ಬಂದರು! ನಂಬುವುದಿಲ್ಲವೆ? ಬೇಡ. ಆದರೆ ಈ ಮೂರರಲ್ಲಿ ಎರಡು ಪಟ್ಟಣಗಳಿಗೆ ನಾನೇ ಅವರ ಜೊತೆ ಹೋಗಿದ್ದೇನೆ. ಒಂದರಿಂದ ಹಿಂದೆ ಬಂದದ್ದು ಮಾತ್ರ ಬೇರೆ ವಾಹನದಲ್ಲಿ. ಅದನ್ನು ನೆನೆದರೆ ಎಪ್ಪತ್ತು ದಾಟಿದ ಈ ವಯಸ್ಸಿನಲ್ಲೂ ನನ್ನ ಕಿವಿ ಬಿಸಿಯಾಗುತ್ತದೆ. ಆದ್ದರಿಂದ ಮೊದಲಿನಿಂದ ಕ್ರಮವಾಗಿ ಬರೆಯುತ್ತೇನೆ. ಕ್ರಮ ತಪ್ಪಿದರೆ ನನಗೆ ಬರೆಯಲಿಕ್ಕೆ ಬರುವುದಿಲ್ಲ.

ಮೊದಲು ನನ್ನ ವಿಚಾರ ನಾಲ್ಕು ಮಾತು. ನಾನು ಕಲಿತದ್ದು ಬೋರ್ಡಿಂಗ್ ಶಾಲೆಯಲ್ಲಿ. ಅಲ್ಲಿ ಏಳಲಿಕ್ಕೆ ಗಂಟೆ, ಮೀಯಲಿಕ್ಕೆ ಗಂಟೆ, ಉಣ್ಣಲಿಕ್ಕೆ ಗಂಟೆ, ಸುಮ್ಮನಿರಲಿಕ್ಕೂ ಒಂದು ಗಂಟೆ. ಅಲ್ಲಿಂದ ಹೊರಗೆ ಬಂದು ಊರಿನ ಒಂದು ಹೈಸ್ಕೂಲಿನಲ್ಲಿ ಲೆಕ್ಕ ಮತ್ತು ಡ್ರಿಲ್ ಕಲಿಸುವ ಮಾಸ್ತರನಾದೆ. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಏಳುವುದು, ತಣ್ಣೀರು, ದಂಡ ಬಸ್ಕಿ, ಗಂಜಿ, ಶಾಲೆ. ಶಾಲೆಯ ಎದುರಿನ ಕ್ಷೌರದಂಗಡಿಯವನು ನಾನು ಗೇಟು ದಾಟುವುದನ್ನು ನೋಡಿ ತನ್ನ ಗಡಿಯಾರ ತಿರುಗಿಸಿಕೊಳ್ಳುತ್ತಿದ್ದ. ಒಮ್ಮೆ ಜ್ವರ ಬಂದು ನಾನು ನಾಲ್ಕು ದಿನ ಮಲಗಿದಾಗ ಅವನ ಗಡಿಯಾರ ಹದಿನೇಳು ನಿಮಿಷ ಹಿಂದೆ ಬಿದ್ದಿತಂತೆ. ಮದುವೆಯಾಗಿರಲಿಲ್ಲ, ನನ್ನ ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಬೋಳೂರಿನಲ್ಲಿದ್ದ ಮಾವನ ಮನೆಯೇ ನನ್ನ ಮನೆ. ಮಾವ ಮತ್ತು ಮಾಮಿಗೆ ಮಕ್ಕಳಿರಲಿಲ್ಲ. ಇದ್ದದ್ದು ನಾನೊಬ್ಬ.

ಇನ್ನು ಮಾವ. ನಮ್ಮದು ತಲೆತಲಾಂತರದಿಂದ ಕಡಲಿಗೆ ಬಲೆ ಬೀಸಿದ ಮನೆತನ. ಆ ಮನೆತನದಲ್ಲಿ ಹುಟ್ಟಿಯೂ ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುವ ಒಬ್ಬನೇ ಒಬ್ಬ ಗಂಡಸು ನಮ್ಮ ಮಾವ! "ನಾವು ಬಲೆ ಹಾಕುವ ಮೊದಲೇ ನಮ್ಮಣ್ಣ ಹೊಟ್ಟೆಯಲ್ಲಿದ್ದದ್ದನ್ನು ಹಾಕಿ ಆಗಿರ್ತದೆ" ಎಂದು ಅವರ ತಮ್ಮಂದಿರು ನಗುತ್ತಿದ್ದರು. ಇವನಿಂದ ಮೀನಿಗೆ ಆಹಾರವಾದೀತೇ ಹೊರತು ಮನೆಗೆ ಆಹಾರವಾಗದು ಎಂದು ಕಂಡುಕೊಂಡ ಹಿರಿಯರು ಅವರನ್ನು ಶಾಲೆಗೆ ಹಾಕಿದರು. ಶಾಲೆ ಮುಗಿಸಿ ಅವರು ಬಂದರಿನ ಕಚೇರಿಯಲ್ಲಿ ಗುಮಾಸ್ತರಾದರು. ಮೂವತ್ತೊಂದು ವರ್ಷ ಧಕ್ಕೆಯ ಮೇಲೆ ನಿಂತು ಹಡಗುಗಳನ್ನು ಕಳುಹಿಸಿದರು. ಒಂದನ್ನೂ ಹತ್ತಲಿಲ್ಲ.

ಅವರ ಕೆಲಸ ಎಣಿಸುವುದು. ಆಗಿನ ಕಾಲದಲ್ಲಿ ಸ್ಟೀಮರುಗಳು ನಮ್ಮ ಹೊಳೆಯ ಒಳಗೆ ಬರುತ್ತಿರಲಿಲ್ಲ, ದೂರ ಕಡಲಿನಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು. ಮುಂದಿನ ಊರುಗಳಿಗೆ ಹೋಗುವ ಪ್ರಯಾಣಿಕರು ಸಣ್ಣ ದೋಣಿಗಳಲ್ಲಿ ದಡಕ್ಕೆ ಬಂದು, ಹಣ್ಣೋ ಎಲೆಯಡಿಕೆಯೋ ಕೊಂಡು ಹಿಂದೆ ಹೋಗುವುದುಂಟು. ಇಳಿದವರು ಎಷ್ಟು, ಹತ್ತಿದವರು ಎಷ್ಟು, ಬಾಕಿ ಎಷ್ಟು ಎಂದು ಮಾವ ಬರೆಯಬೇಕು. ಬಾಕಿಯ ಕಾಲಮ್ಮಿನಲ್ಲಿ ಸೊನ್ನೆ ಬರುವವರೆಗೆ ಅವರು ಬಾವುಟ ಏರಿಸರು. ಬಾವುಟ ಏರದೆ ಸ್ಟೀಮರು ಲಂಗರು ಎತ್ತದು.

ಇದು ಕಾನೂನಲ್ಲ, ಮಾವನ ಹಟ. ಕೆಲಸಕ್ಕೆ ಸೇರಿದ ಮೊದಲ ವರ್ಷ ಮೇಲಿನವರ ಅವಸರಕ್ಕೆ ಮಣಿದು, ಒಬ್ಬರು ಬಾಕಿ ಇರುವಾಗಲೇ ಬಾವುಟ ಏರಿಸಿಬಿಟ್ಟಿದ್ದರಂತೆ. ಬಾಳೆಹಣ್ಣು ತರಲು ಹೋಗಿದ್ದ ಒಬ್ಬ ಮನುಷ್ಯ ಗೊನೆ ಹೊತ್ತುಕೊಂಡು ಓಡಿಬಂದು, ದೂರದಲ್ಲಿ ಹೋಗುತ್ತಿದ್ದ ಹೊಗೆಯನ್ನು ನೋಡುತ್ತ ನಿಂತನಂತೆ. ಮುಂದಿನ ಸ್ಟೀಮರು ಬರುವವರೆಗೆ ಮಾವ ಅವನನ್ನು ಮನೆಯಲ್ಲೇ ಇಟ್ಟುಕೊಂಡರು. "ಎಂಟು ದಿನ ಇದ್ದ. ಗೊನೆಯಲ್ಲಿ ಒಂದು ಹಣ್ಣೂ ನಮಗೆ ಕೊಡ್ಲಿಲ್ಲ" ಎಂದು ಮಾಮಿ ಆಗಾಗ ಹೇಳುವುದಿತ್ತು. ಮಾವ ಮಾತ್ರ ಅದನ್ನು ನೆನೆದು ನಕ್ಕದ್ದನ್ನು ನಾನು ಕಂಡಿಲ್ಲ. "ದಡದಲ್ಲಿ ಒಬ್ಬನನ್ನು ಬಿಟ್ಟು ಹೋದ್ರೆ ಅದು ಹಡಗಲ್ಲ ಮಾರಾಯ, ಬರೀ ಕಬ್ಬಿಣ" ಎನ್ನುತ್ತಿದ್ದರು.

ಈ ಹಟ ಧಕ್ಕೆಯಲ್ಲೇ ಉಳಿದಿದ್ದರೆ ಒಳ್ಳೆಯದಿತ್ತು. ಒಮ್ಮೆ ನಮ್ಮ ಕಡೆಯ ಮದುವೆ ದಿಬ್ಬಣ ಉಳ್ಳಾಲಕ್ಕೆ ಹೊರಟಿತು. ಹೊಳೆ ದಾಟಬೇಕು. ಗಾಡಿಗಳಿಂದ ಇಳಿದವರು ನಲವತ್ತೆರಡು, ದೋಣಿ ಹತ್ತಿದವರು ನಲವತ್ತೊಂದು. ಮಾವ ದೋಣಿಯ ಹಗ್ಗ ಹಿಡಿದು ಕುಳಿತುಬಿಟ್ಟರು. ಮುಹೂರ್ತ ಹತ್ತಿರ ಬರುತ್ತಿದೆ, ಮದುಮಗ ಬೆವರುತ್ತಿದ್ದಾನೆ, ಹಿರಿಯರು ಬಾಯಿಗೆ ಬಂದಂತೆ ಬೈಯುತ್ತಿದ್ದಾರೆ. ಮಾವ ಹಗ್ಗ ಬಿಡಲಿಲ್ಲ. ಒಂದು ಗಂಟೆ ಹುಡುಕಿದ ಮೇಲೆ ಮದುಮಗನ ಅಜ್ಜ ಸಿಕ್ಕಿದರು. ಎಲೆಯಡಿಕೆ ಕೊಳ್ಳಲು ಹೋದವರು ಅಂಗಡಿಯ ಜಗಲಿಯಲ್ಲೇ ಒರಗಿ ಗೊರಕೆ ಹೊಡೆಯುತ್ತಿದ್ದರು! ಮುಹೂರ್ತ ತಪ್ಪಿತು. ಎಲ್ಲರೂ ಮಾವನ ಮೇಲೆ ಬಿದ್ದರು. ಮಾವ ತಣ್ಣಗೆ ಹೇಳಿದರು:

"ಮುಹೂರ್ತ ಇನ್ನೊಂದು ಸಿಗ್ತದೆ. ಅಜ್ಜ ಸಿಗ್ತಾರಾ?"

ನಾನು ಆ ದಿಬ್ಬಣದಲ್ಲಿ ಗಡಿಯಾರ ನೋಡುತ್ತ, ನೆಲ ನೋಡುತ್ತ ನಿಂತಿದ್ದೆ. ಇವರು ನನ್ನ ಮಾವ ಎಂದು ನಾಚಿಕೆಪಟ್ಟ ಮೊದಲ ಸಲ ಅದು. ಕೊನೆಯದಾಗಿದ್ದರೆ ಈ ಬರಹವೇ ಬೇಕಿರಲಿಲ್ಲ.

ಈಗ ಸ್ಕ್ಯಾಂಡಿನೇವಿಯಾ. ಮಾವ ನಿವೃತ್ತರಾಗುವುದಕ್ಕೆ ಕೆಲವು ವರ್ಷ ಮೊದಲು ನಾರ್ವೆ ದೇಶದ ಒಂದು ಸರಕು ಹಡಗು ಬಂತು. ಕಡಲು ಜೋರಾಗಿ ಅದರ ಕಪ್ತಾನ ಮೂರು ದಿನ ದಡದಲ್ಲೇ ಸಿಕ್ಕಿಬಿದ್ದ. ಮಾವ ಅವನಿಗೆ ಎಳನೀರು, ಗಂಜಿ, ಸಂಗಾತ ಮೂರನ್ನೂ ಒದಗಿಸಿದರು. ಇಬ್ಬರ ಇಂಗ್ಲಿಷೂ ಒಂದೇ ಮಟ್ಟದ್ದಾದ್ದರಿಂದ ಮಾತು ಚೆನ್ನಾಗಿ ಸಾಗಿತು. ಹೊರಡುವಾಗ ಕಪ್ತಾನ ಒಂದು ಪುಸ್ತಕ ಕೊಟ್ಟುಹೋದ. ಆ ಕಡೆಯ ದೊಡ್ಡ ಮನುಷ್ಯರು ಹಡಗಿನಲ್ಲಿ ಬಂದರಿನಿಂದ ಬಂದರಿಗೆ ಸುಮ್ಮನೆ ಊರು ನೋಡುತ್ತ ಹೋಗುತ್ತಾರಂತೆ. ಅದರ ಚಿತ್ರಗಳು, ಅದರ ವೇಳಾಪಟ್ಟಿ. ಓಸ್ಲೊ, ಕೋಪನ್‌ಹೇಗನ್, ಸ್ಟಾಕ್‌ಹೋಮ್, ಕೊನೆಗೆ ಬರ್ಗೆನ್. ಇಷ್ಟು ಗಂಟೆಗೆ ಇಳಿಯುವುದು, ಸಂಜೆ ಐದೂವರೆಗೆ ಹೊರಡುವುದು. ಮಾವ ವೇಳಾಪಟ್ಟಿಗೆ ಮರುಳಾದರು. ಮಾಮಿ ಚಿತ್ರಗಳಿಗೆ.

ಹಡಗಿನ ಕಟಕಟೆಗೆ ಒರಗಿ ಕಡಲು ನೋಡುತ್ತ ನಿಂತ ಹೆಂಗಸರ ಚಿತ್ರವನ್ನು ಮಾಮಿ ಬಹಳ ಹೊತ್ತು ನೋಡಿ, "ಇವರಿಗೆ ಮನೆಯಲ್ಲಿ ಕೆಲಸ ಇಲ್ಲವಾ?" ಎಂದು ಕೇಳಿದ್ದರು. ಕೇಳಿದ್ದೇನೋ ಹೌದು. ಆದರೆ ಆ ಪುಸ್ತಕವನ್ನು ಅಕ್ಕಿಯ ಡಬ್ಬದ ಮೇಲಿಟ್ಟು ದಿನಕ್ಕೊಮ್ಮೆ ತೆರೆದು ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಮೂವತ್ತೊಂದು ವರ್ಷ ಧಕ್ಕೆಗೆ ಬುತ್ತಿ ಹೊತ್ತವರು ಅವರು. ನೋಡಿದ್ದು ಬರೀ ಹೊಗೆ. ಮಾವ ಮಾತು ಕೊಟ್ಟರು: ರಿಟೈರ್ ಆದ ಮೇಲೆ ಈ ನಾಲ್ಕು ಬಂದರು ನಿನಗೆ ತೋರಿಸುತ್ತೇನೆ.

ನಿವೃತ್ತರಾದರು. ಕೂಡಲೇ ದರ್ಜಿಯನ್ನು ಕರೆಸಿ ಪುಸ್ತಕದ ಚಿತ್ರ ತೋರಿಸಿ ಎರಡು ಓವರ್‌ಕೋಟು ಹೊಲಿಸಿದರು. ಮಂಗಳೂರಿನಲ್ಲಿ ಉಣ್ಣೆಬಟ್ಟೆ ಎಲ್ಲಿಂದ ಬರಬೇಕು? ಕರಿ ಕಂಬಳಿಯ ಕೋಟು! ಹಾಕಿಕೊಂಡರೆ ಇಬ್ಬರೂ ಕೊಟ್ಟಿಗೆಯಿಂದ ಎದ್ದು ಬಂದ ಹಾಗೆ ಕಾಣುತ್ತಿದ್ದರು. ಗುಮಾಸ್ತರ ಪಿಂಚಣಿಯಲ್ಲಿ ನಾರ್ವೆಗೆ ಹೋಗುವುದು ಹೇಗೆ ಎಂದು ನಾನು ಕೇಳಬೇಕೆಂದಿದ್ದೆ. ಕೇಳುವ ಮೊದಲೇ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಹಿಟ್ಲರನು ನಮ್ಮ ಮಾವನ ಮಾನ ಉಳಿಸಿದ ಎಂದು ನಾನು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡಿದ್ದೆ. ಹೀಗೆ ತಮಾಷೆ ಮಾಡಿದ್ದಕ್ಕೂ ಈಗ ನಾಚಿಕೆಯಾಗುತ್ತದೆ. ನಾಚಿಕೆಗಳನ್ನೂ ಕ್ರಮವಾಗಿಯೇ ಬರೆಯುತ್ತಿದ್ದೇನೆ.

ಮಾನ ಉಳಿಯಿತು ಎಂದುಕೊಂಡದ್ದು ನನ್ನ ತಪ್ಪು. ಮುಂದಿನ ಮಾರ್ಚಿ ತಿಂಗಳ ಒಂದು ಬೆಳಿಗ್ಗೆ ಮಾವ ಹೇಳಿದರು: "ಹಡಗು ಹೊರಡ್ತದೆ ಅಂತ ಒಮ್ಮೆ ಹೇಳಿದ ಮೇಲೆ ಹೊರಡ್ಬೇಕು. ಅಲ್ಲಿಗೆ ಹೋಗ್ಲಿಕ್ಕೆ ಆಗದಿದ್ರೆ ಇಲ್ಲಿಯೇ ಹೋಗುವ."

ಇಲ್ಲಿಯೇ ಎಂದರೆ? ಮಂಗಳೂರಿನ ಸುತ್ತಮುತ್ತಲೇ. ಪಡೀಲ್ ಓಸ್ಲೊ. ಕುಲಶೇಖರ ಕೋಪನ್‌ಹೇಗನ್, ಪುಸ್ತಕದಲ್ಲಿ ಆ ಊರಿಗೂ ಕುಲಶೇಖರದ ಹಾಗೆ ಇಗರ್ಜಿಯ, ಅಂದರೆ ಚರ್ಚಿನ, ಗೋಪುರ ಇದ್ದುದರಿಂದ. ಸ್ಟಾಕ್‌ಹೋಮ್ ನೀರಿನ ಮೇಲಿನ ಪಟ್ಟಣವಂತೆ. ಕಾವೂರಿನಲ್ಲಿ ಕೆರೆ ಉಂಟಲ್ಲ! ಬರ್ಗೆನ್‌ಗೆ ಎಲ್ಲಿಗೂ ಹೋಗಬೇಕಾಗಿಲ್ಲ. ಅಲ್ಲಿ ವರ್ಷವಿಡೀ ಮಳೆಯೆಂದು ಪುಸ್ತಕ ಹೇಳಿತ್ತು. "ಜೂನ್ ಬರ್ಲಿ. ಬರ್ಗೆನ್ ತಾನಾಗಿ ನಮ್ಮ ಜಗಲಿಗೇ ಬರ್ತದೆ" ಎಂದರು ಮಾವ.

ಹಡಗು ಎಂದರೆ ನೆರೆಮನೆಯ ಪೊರ್ಬುವಿನ ಎತ್ತಿನ ಗಾಡಿ. ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಪೊರ್ಬು ಎಂದು ಕರೆಯುವುದು ವಾಡಿಕೆ. ಆದಿತ್ಯವಾರ ಪೂಜೆ ಮುಗಿಸಿ ಬಂದ ಮೇಲೆ ಅವನ ಗಾಡಿ ಖಾಲಿ ಇರುತ್ತಿತ್ತು. ಆದ್ದರಿಂದ ವಾರಕ್ಕೊಂದು ಬಂದರು. ಮನೆಯಲ್ಲಿ ನಾವು ಆಡುವುದು ತುಳು. ಆದರೆ ಗಾಡಿ ಹತ್ತಿದ ಮೇಲೆ ಕನ್ನಡವೇ ಆಗಬೇಕೆಂದು ಮಾವನ ಆಜ್ಞೆಯಾಯಿತು. ಹಡಗು ಎಂದರೆ ಕಚೇರಿಯಿದ್ದ ಹಾಗಂತೆ. ಮಾಮಿ ಒಂದೇ ಒಂದು ತಕರಾರು ಎತ್ತಿದರು. ಆ ದೇಶದಲ್ಲಿ ಬೇಸಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲವೆಂದು ಪುಸ್ತಕದಲ್ಲಿ ಬರೆದಿದೆಯಲ್ಲ, ಹಾಗಾದರೆ ದೇವರ ಮುಂದೆ ಸಂಜೆಯ ದೀಪ ಇಡುವುದು ಯಾವಾಗ? ಮಾವ ಎರಡು ದಿನ ಯೋಚಿಸಿ ತೀರ್ಪು ಕೊಟ್ಟರು: ದೇವರ ಕೋಣೆಗೆ ಮಂಗಳೂರಿನ ಟೈಮು.

ಓಸ್ಲೊಗೆ ನನ್ನನ್ನು ಎಳೆದುಕೊಂಡೇ ಹೋದರು. ಪ್ರಯಾಣಿಕರ ಪಟ್ಟಿಯಲ್ಲಿ ಮಾವ, ಮಾಮಿ, ನಾನು ಎಂದು ಮೊದಲೇ ಬರೆದಾಗಿತ್ತು. ಮಾರ್ಚಿಯ ಬಿಸಿಲು. ಮಾವ ಕಂಬಳಿ ಕೋಟು, ಕಚೇರಿಯ ಹಳೆಯ ಟೋಪಿ, ಕೈಯಲ್ಲಿ ಒಂದು ಹಿತ್ತಾಳೆಯ ಗಂಟೆ. ಮಾಮಿ ಸೀರೆಯ ಮೇಲೆ ಕಂಬಳಿ ಕೋಟು, ತಲೆಗೆ ಮಫ್ಲರು. ಕೋಟಿನ ಗುಂಡಿ ಸಂದಿನಿಂದ ಬೀಸಣಿಗೆ ಒಳಗೆ ತೂರಿಸಿ ಗಾಳಿ ಹಾಕಿಕೊಳ್ಳುತ್ತಿದ್ದರು! ಹೊರಗೆ ನಾರ್ವೆಯ ಚಳಿ, ಒಳಗೆ ಮಂಗಳೂರು. ಪಡೀಲಿನ ಇಳಿಜಾರಿನಲ್ಲಿ ಗಾಡಿ ತೊನೆದಾಡಿತು, ಮಾವನ ಮುಖ ಬಿಳುಚಿತು, ಕೈಯಲ್ಲಿದ್ದ ಲಿಂಬೆಹಣ್ಣನ್ನು ಮೂಗಿಗೆ ಹಿಡಿದುಕೊಂಡರು. ಪೊರ್ಬು ತಿರುಗಿ ನೋಡಿ, "ಎಂತ ಆಯ್ತು ಧನಿಗಳೇ?" ಎಂದು ಕೇಳಿದ.

"ಎಂತ ಇಲ್ಲ. ಸಮುದ್ರ ಸ್ವಲ್ಪ ಜೋರುಂಟು" ಎಂದು ಹೇಳಿ ಮಾವ ಗಾಡಿಯ ಅಂಚಿನಿಂದ ಹೊರಗೆ ಬಗ್ಗಿದರು.

ಓಸ್ಲೊದಲ್ಲಿ ಹೊಗೆಯಲ್ಲಿ ಒಣಗಿಸಿದ ಮೀನು ತಿನ್ನಬೇಕೆಂದು ಪುಸ್ತಕದಲ್ಲಿತ್ತು. ಮಾಮಿ ಎಲೆಯ ಪೊಟ್ಟಣ ಬಿಚ್ಚಿದರು. ಒಣಮೀನಿನ ಚಟ್ನಿ. "ಇದನ್ನು ತಿನ್ಲಿಕ್ಕೆ ಆ ಜನ ಅಷ್ಟು ದೂರ ಹಡಗಿನಲ್ಲಿ ಹೋಗ್ತಾರಾ, ಪಾಪ" ಎಂದರು. ಇಳಿಯುವಾಗ ಗಂಟೆ, ಹತ್ತುವಾಗ ಗಂಟೆ. ಇಳಿದವರು ಮೂವರು, ಹತ್ತಿದವರು ಮೂವರು, ಬಾಕಿ ಇಲ್ಲ ಎಂದು ಮಾವ ದಪ್ಪ ರಿಜಿಸ್ಟ್ರಿನಲ್ಲಿ ಬರೆದರು. ದಾರಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ನನಗೆ ನಮಸ್ಕಾರ ಮಾಡಿದರು. ನಾನು ಕೊಡೆ ಬಿಡಿಸಿ ಅದರ ಹಿಂದೆ ಅಡಗಿದೆ. ಬಿಸಿಲಿಗೆ ಎಂದು ತಿಳಿದಾರು!

ಕೋಪನ್‌ಹೇಗನ್‌ಗೆ ನಾನು ಹೋಗಲಿಲ್ಲ. ಉತ್ತರಪತ್ರಿಕೆ ತಿದ್ದುವುದಿದೆ ಎಂದೆ. ಪರೀಕ್ಷೆಯೇ ಆಗಿರಲಿಲ್ಲ. ಹೋಗದಿದ್ದರೂ ಪಾರಾಗಲಿಲ್ಲ. ಇಗರ್ಜಿಯಿಂದ ಎರಡನೆಯ ಪೂಜೆ ಮುಗಿಸಿ ಜನ ಹೊರಗೆ ಬರುವ ಹೊತ್ತಿಗೆ ಸರಿಯಾಗಿ ಮಾವ ಅಲ್ಲಿ ಗಂಟೆ ಬಾರಿಸಿ "ಕೋಪನ್‌ಹೇಗನ್" ಎಂದು ಸಾರಿದರಂತೆ. ಆ ಜನರಲ್ಲಿ ನಮ್ಮ ಹೆಡ್‌ಮಾಸ್ಟರರೂ ಇದ್ದರು. ಅವರು ಸೋಮವಾರ ನನ್ನನ್ನು ಕರೆದು, ನಿಮ್ಮ ಮಾವ ಬಹಳ ಗೌರವಸ್ಥರು, ನನಗೆ ಟೋಪಿ ತೆಗೆದು ವಂದಿಸಿದರು ಎಂದು ಮೆಲ್ಲಗೆ ನಕ್ಕರು. ಮಾಮಿ ಅಲ್ಲಿಯ ಕುಂಬಾರರ ಮನೆಯಿಂದ ಮೀನಿನ ಸಾರಿಗೆ ಒಂದು ಮಣ್ಣಿನ ಪಾತ್ರೆ ತಂದಿದ್ದರು. ಮನೆಯ ಬಾಗಿಲಲ್ಲಿ ಮಾವ ಅದನ್ನು ಹೊರದೇಶದ ಸರಕು ಎಂದು ತಡೆದು, ಬುಡ ತಟ್ಟಿ ಪರೀಕ್ಷಿಸಿ ಒಳಗೆ ಬಿಟ್ಟರು. ನೆರೆಕರೆಯವರು ಪಾತ್ರೆ ಎಲ್ಲಿಯದೆಂದು ಕೇಳಿದರೆ ಮಾಮಿ ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ "ಕೋಪನ್‌ಹೇಗನಿನದ್ದು" ಎನ್ನುತ್ತಿದ್ದರು. ವಾರದೊಳಗೆ ನನ್ನ ತರಗತಿಯ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಸರ್, ಡೆನ್ಮಾರ್ಕಿನಲ್ಲಿ ಮಣ್ಣಿನ ಪಾತ್ರೆ ಒಳ್ಳೆಯದು ಸಿಗ್ತದಂತೆ, ಹೌದಾ?"

ನಾನು ಇಡೀ ತರಗತಿಯನ್ನು ಬಿಸಿಲಿನಲ್ಲಿ ಓಡಿಸಿದೆ.

ನನಗೆ ಅಷ್ಟು ಸಿಟ್ಟು ಬರಲು ಕಾರಣವಿತ್ತು. ಹೆಡ್‌ಮಾಸ್ಟರರು ಆ ವರ್ಷ ನಿವೃತ್ತರಾಗುವವರಿದ್ದರು. ಅವರ ಕುರ್ಚಿ ನನಗೆ ಎಂಬ ಮಾತು ನಡೆದಿತ್ತು. ಮದರಾಸಿನಿಂದ ಇನ್‌ಸ್ಪೆಕ್ಟರರು ಬಂದು ನೋಡಿ ಒಪ್ಪಬೇಕು. ಮುಂದಿನ ಸೋಮವಾರ ತಪಾಸಣೆ. ಅದರ ಮುಂಚಿನ ದಿನವೇ ಸ್ಟಾಕ್‌ಹೋಮ್!

ಬರುವುದಿಲ್ಲ ಎಂದು ಖಂಡಿತವಾಗಿ ಹೇಳಿದೆ. ಮಾಮಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಸಣ್ಣ ದನಿಯಲ್ಲಿ ಹೇಳಿದರು: "ಇದೊಂದಕ್ಕೆ ಬಾ ಮಗ. ಇವರಿಗೆ ನೀನು ಬಂದ್ರೆ ಹಡಗು ತುಂಬಿದ ಹಾಗೆ. ಕಳೆದ ವಾರ ದಾರಿಯಿಡೀ ಮೂರನೆಯವರ ಜಾಗದಲ್ಲಿ ಕೈ ಇಟ್ಟುಕೊಂಡೇ ಕೂತಿದ್ರು." ಕಾವೂರು ಊರಿನ ಹೊರಗೆ, ಅಲ್ಲಿ ನನ್ನ ಗುರುತಿನವರು ಯಾರಿದ್ದಾರೆ ಎಂದು ಲೆಕ್ಕ ಹಾಕಿ ಒಪ್ಪಿದೆ. ಲೆಕ್ಕದ ಮಾಸ್ತರನ ಲೆಕ್ಕ.

ಕೆರೆಯ ಬಳಿ ಗಾಡಿ ನಿಂತಿತು. ಗಂಟೆಯಾಯಿತು. ಇಳಿದವರು ಮೂವರು ಎಂದು ಮಾವ ಬರೆದುಕೊಂಡರು. ಮಾಮಿ ಕೆರೆಯನ್ನು ನೋಡುತ್ತ, ಚಿತ್ರದ ಹೆಂಗಸರ ಹಾಗೆ ಗಾಡಿಯ ಕಟಕಟೆಗೆ ಒರಗಿ ನಿಂತರು. ನಾನು ಕಾಲಾಡಿಸಲು ಕೆರೆಯ ಏರಿಯ ಮೇಲೆ ನೂರು ಹೆಜ್ಜೆ ಹೋಗಿರಬಹುದು. ಎದುರಿನಿಂದ ಹೆಡ್‌ಮಾಸ್ಟರರು ಬರುತ್ತಿದ್ದಾರೆ. ಅವರ ಪಕ್ಕದಲ್ಲಿ ಸೂಟು ಹಾಕಿ ಬೆತ್ತ ಹಿಡಿದ ಒಬ್ಬರು. ಇನ್‌ಸ್ಪೆಕ್ಟರರು ಒಂದು ದಿನ ಮೊದಲೇ ಬಂದಿದ್ದರು. ಗಾಳಿ ತಿನ್ನಲಿ ಎಂದು ಹೆಡ್‌ಮಾಸ್ಟರರು ಅವರನ್ನು ಕೆರೆಗೆ ಕರೆತಂದಿದ್ದರು. ಪರಿಚಯವಾಯಿತು. ಶಿಸ್ತಿನ ಬಗ್ಗೆ ಮಾತು ಬಂತು. ಶಿಸ್ತಿನ ಬಗ್ಗೆ ನಾನು ಚೆನ್ನಾಗಿ ಮಾತಾಡುತ್ತೇನೆ. ಇನ್‌ಸ್ಪೆಕ್ಟರರು ತಲೆದೂಗುತ್ತಿದ್ದರು.

ಆಗ ಗಂಟೆ ಕೇಳಿಸಿತು. ಏರಿಯ ಮೇಲೆ ಎರಡು ಕರಿ ಕಂಬಳಿಗಳು ನಮ್ಮ ಕಡೆಗೆ ಬರುತ್ತಿದ್ದವು. ಮಾವ ಟೋಪಿ, ಗಂಟೆ, ಮುಖದ ತುಂಬ ಬೆವರು, ನಗು. ಹಿಂದೆ ಮಾಮಿ, ಬೀಸಣಿಗೆ, ಬುತ್ತಿಯ ಬುಟ್ಟಿ. ಊಟದ ಹೊತ್ತಾಗಿತ್ತು, ನನ್ನನ್ನು ಕರೆಯಲು ಬರುತ್ತಿದ್ದರು. ಇನ್‌ಸ್ಪೆಕ್ಟರರು ನಿಂತು ನೋಡಿ, ಇದೇನು ವೇಷ, ಯಾರಿವರು, ನಿಮಗೆ ಪರಿಚಯವೆ ಎಂದು ನನ್ನನ್ನು ಕೇಳಿದರು.

"ಇಲ್ಲ ಸರ್. ಯಾರೋ ಪರವೂರಿನವರು" ಎಂದೆ.

ಮಾವ ಹತ್ತು ಹೆಜ್ಜೆ ದೂರದಲ್ಲಿದ್ದರು. ಮೂವತ್ತೊಂದು ವರ್ಷ ಕಡಲಿನಾಚೆಯ ಸೀಟಿ ಕೇಳಿಸಿಕೊಂಡ ಕಿವಿ ಅವರದು. ಹೆಡ್‌ಮಾಸ್ಟರರಿಗೆ ಗೊತ್ತಿತ್ತಲ್ಲ, ಅವರು ತಮ್ಮ ಬೂಟುಗಳನ್ನು ನೋಡತೊಡಗಿದರು. ಮಾವ ಗಂಟೆಯ ನಾಲಿಗೆಯನ್ನು ಬೆರಳಿನಿಂದ ಹಿಡಿದುಕೊಂಡರು. ಅದು ಸದ್ದು ಮಾಡಲಿಲ್ಲ. ಹತ್ತಿರ ಬಂದು ಟೋಪಿ ತೆಗೆದು ನನಗೆ, ನನಗೆ, ವಂದಿಸಿದರು.

"ನಾವು ಈ ಊರಿಗೆ ಹೊಸಬರು ಮಾಸ್ಟ್ರೆ. ಬಂದರಿಗೆ ಹೋಗುವ ದಾರಿ ಯಾವುದು?"

ನಾನು ಕೈಯೆತ್ತಿ ಗಾಡಿ ನಿಂತಿದ್ದ ಕಡೆ ತೋರಿಸಿದೆ.

"ಉಪಕಾರ ಆಯ್ತು" ಎಂದು ಮಾವ ತಿರುಗಿದರು. ಮಾಮಿ ನನ್ನ ಮುಖ ನೋಡಲಿಲ್ಲ. ಬುಟ್ಟಿಯನ್ನು ಒಮ್ಮೆ ನೋಡಿದರು, ಕೆರೆಯನ್ನು ನೋಡಿದರು, ಗಂಡನ ಹಿಂದೆ ಹೋದರು.

ಸಂಜೆಯವರೆಗೆ ನಾನು ಅವರ ಜೊತೆಯೇ ಉಳಿದೆ. ಇನ್‌ಸ್ಪೆಕ್ಟರರು ತಮ್ಮ ಕಾರಿನಲ್ಲೇ ನನ್ನನ್ನು ಊರಿಗೆ ಕರೆದುಕೊಂಡು ಬಂದರು. ಐದೂಮುಕ್ಕಾಲು. ಹಡಗು ಹೊರಡುವ ಹೊತ್ತು ದಾಟಿತ್ತು. ಆದರೂ ಗಾಡಿ ಕೆರೆಯ ಬಳಿಯೇ ನಿಂತಿತ್ತು, ಎತ್ತುಗಳನ್ನು ನೊಗಕ್ಕೆ ಕಟ್ಟಿರಲಿಲ್ಲ. ಮಾವ ಗಂಟೆ ಹಿಡಿದು ಮುಂದೆ ನಿಂತಿದ್ದರು. ಕಾರು ಧೂಳೆಬ್ಬಿಸುತ್ತ ಪಕ್ಕದಲ್ಲಿ ಹೋದ ಕೂಡಲೇ ಅವರು ಮಾಮಿಗೆ ಕೊಡೆ ಅಡ್ಡ ಹಿಡಿದರು. ನಾನು ಗಡಿಯಾರ ನೋಡಿಕೊಂಡೆ.

ಅವರು ಮನೆ ಮುಟ್ಟುವಾಗ ಎಂಟಾಗಿತ್ತು. ಯಾಕೆ ತಡ ಎಂದು ಕೇಳಿದೆ. ನೋಡಿ ನನ್ನ ಧೈರ್ಯ! ಸಮುದ್ರ ಸ್ವಲ್ಪ ಜೋರಿತ್ತು ಎಂದರು ಮಾವ. ಮಾಮಿ ಬುಟ್ಟಿಯಿಂದ ಒಂದು ಪೊಟ್ಟಣ ತೆಗೆದು ನನ್ನೆದುರು ಇಟ್ಟರು. ಎಲೆ ಬಾಡಿತ್ತು. ಮೂರನೆಯ ಪೊಟ್ಟಣ. ಉಂಡೆ. ಏನು ಮಾಡಲಿ, ಅದು ಊಟದ ಹೊತ್ತು.

ಕುರ್ಚಿ ನನಗೆ ಸಿಕ್ಕಿತು. ಮಾವ ಶಾಲೆಯವರಿಗೆಲ್ಲ ಹಂಚಿರೆಂದು ಬಾಳೆಹಣ್ಣಿನ ಗೊನೆ ಕಳುಹಿಸಿದರು, ತಾವು ಬರಲಿಲ್ಲ. ಆ ದಿನದ ನಂತರ ಅವರು ನನ್ನ ಶಾಲೆಯ ಬೀದಿಗೆ ಕಾಲಿಡಲಿಲ್ಲ. ದಾರಿಯಲ್ಲಿ ನಾನು ಯಾರೊಂದಿಗಾದರೂ ಇದ್ದರೆ ಅಂಗಡಿಯೊಳಗೆ ಸರಿದು ಬೆಲ್ಲವನ್ನೋ ಮೆಣಸನ್ನೋ ವಿಚಾರಿಸುತ್ತ ನಿಲ್ಲುತ್ತಿದ್ದರು. ಮನೆಯಲ್ಲಿ ಮೊದಲಿನ ಹಾಗೆಯೇ ಮಾತು, ನಗು. ಗಾಡಿ ಮಾತ್ರ ಮತ್ತೆ ಬರಲಿಲ್ಲ. ಏಪ್ರಿಲಿನಲ್ಲಿ ಪತ್ರಿಕೆ ಓದಿ ಹೇಳಿದೆ: ಯುದ್ಧ ಡೆನ್ಮಾರ್ಕು, ನಾರ್ವೆಗಳಿಗೆ ನುಗ್ಗಿದೆ, ಓಸ್ಲೊ ಬಿತ್ತು, ಕೋಪನ್‌ಹೇಗನ್ ಬಿತ್ತು, ಬರ್ಗೆನ್ ಬಿತ್ತು. ಮಾವ ಅಂದು ಊಟ ಬಿಟ್ಟರು. ಮಾಮಿ ಕುಲಶೇಖರದ ಕುಂಬಾರರು ಹೇಗಿದ್ದಾರೋ ಎಂದು ಪೊರ್ಬುವಿನ ಹತ್ತಿರ ವಿಚಾರಿಸಿದರು. ಸ್ವೀಡನ್ ಮಾತ್ರ ಯುದ್ಧಕ್ಕೆ ಇಳಿದಿರಲಿಲ್ಲ.

ಜೂನ್ ಬಂತು. ಮೊದಲ ಮಳೆ ಜಗಲಿಗೆ ಎರಚಿತು. ಮಾಮಿ ಮಫ್ಲರು ತೆಗೆದು, "ಬರ್ಗೆನ್ ಬಂತಲ್ಲ?" ಎಂದರು.

"ಇಲ್ಲ. ಹಡಗು ಸ್ಟಾಕ್‌ಹೋಮಿನಲ್ಲೇ ಉಂಟು" ಎಂದರು ಮಾವ.

ಮಾಮಿ ಮಫ್ಲರು ಮಡಚಿಟ್ಟರು. ನನಗೆ ಅರ್ಥವಾಯಿತು: ಮುದುಕ ಬುದ್ಧಿವಂತ, ಯುದ್ಧವಿಲ್ಲದ ಬಂದರಿನಲ್ಲಿ ಹಡಗನ್ನು ನಿಲ್ಲಿಸಿದ್ದಾನೆ! ಹಾಗೆ ಕೇಳಿಯೂ ಬಿಟ್ಟೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, "ಹೌದು ಮಾರಾಯ, ಯುದ್ಧ" ಎಂದರು. ಐದು ಮಳೆಗಾಲ ಬಂದು ಹೋದವು. ಪ್ರತಿ ಜೂನಿನಲ್ಲೂ ಮಾಮಿ ಗಂಡನ ಮುಖ ನೋಡುತ್ತಿದ್ದರು, ಮಾವ ತಲೆಯಲ್ಲಾಡಿಸುತ್ತಿದ್ದರು. ಯುರೋಪಿನಲ್ಲಿ ಯುದ್ಧ ಮುಗಿಯಿತೆಂದು ಪತ್ರಿಕೆಯಲ್ಲಿ ಬಂದ ದಿನ ಮಾವ ಹಾಸಿಗೆ ಹಿಡಿದಿದ್ದರು. ನಾನು ಹತ್ತಿರ ಕುಳಿತು, ಬರ್ಗೆನ್ ಬಿಡುಗಡೆಯಾಯಿತು, ಇನ್ನು ಲಂಗರು ಎತ್ತಬಹುದಲ್ಲ ಮಾವ, ಎಂದೆ. ಅವರು ನಕ್ಕರು.

"ಎತ್ತುವ. ಲೆಕ್ಕ ಸರಿಯಾಗ್ಲಿ."

ಯಾವ ಲೆಕ್ಕ ಎಂದು ನಾನು ಕೇಳಲಿಲ್ಲ. ಸಂಜೆಯ ನನ್ನ ನಡಿಗೆಯ ಹೊತ್ತಾಗಿತ್ತು. ಮಳೆ ಶುರುವಾಗುವ ಮೊದಲೇ ಮಾವ ಹೋದರು.

ಹದಿಮೂರು ದಿನ ಕಳೆದ ಮೇಲೆ ಅವರ ತಗಡಿನ ಪೆಟ್ಟಿಗೆ ತೆಗೆದೆ. ಕಂಬಳಿ ಕೋಟುಗಳ ಕೆಳಗೆ ಆ ರಿಜಿಸ್ಟ್ರು. ಅಚ್ಚುಕಟ್ಟಾದ ಕಾಲಮ್ಮುಗಳು. ಓಸ್ಲೊ: ಇಳಿದವರು ಮೂವರು, ಹತ್ತಿದವರು ಮೂವರು, ಬಾಕಿ ಇಲ್ಲ. ಷರಾ: ಸಮುದ್ರ ಜೋರು. ಕೋಪನ್‌ಹೇಗನ್: ಇಳಿದವರು ಇಬ್ಬರು, ಹತ್ತಿದವರು ಇಬ್ಬರು, ಬಾಕಿ ಇಲ್ಲ. ಷರಾ: ಮಣ್ಣಿನ ಪಾತ್ರೆ ಒಂದು. ಪುಟದ ಕೊನೆಯಲ್ಲಿ ಸ್ಟಾಕ್‌ಹೋಮ್.

ಇಳಿದವರು ಮೂವರು. ಹತ್ತಿದವರು ಇಬ್ಬರು. ಬಾಕಿ ಒಬ್ಬರು. ಲಂಗರು ಎತ್ತಿಲ್ಲ. ಷರಾ: ಈ ಊರಿನ ಮಾಸ್ತರರೊಬ್ಬರು ದಾರಿ ತೋರಿಸಿದರು. ಒಳ್ಳೆಯ ಜನ.

ಪುಟ ತಿರುಗಿಸಿದೆ. ಮರು ಆದಿತ್ಯವಾರ: ಸ್ಟಾಕ್‌ಹೋಮ್. ಬಾಕಿ ಒಬ್ಬರು. ಲಂಗರು ಎತ್ತಿಲ್ಲ. ಅದರ ಮರು ಆದಿತ್ಯವಾರವೂ ಅದೇ. ಗುಮಾಸ್ತರು ಇಂಥ ಕಡೆ "ಸದರಿ" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಮಾವ ಐದು ವರ್ಷ, ವಾರ ತಪ್ಪದೆ, ಪೂರ್ತಿ ಬರೆದಿದ್ದರು. ಕೊನೆಯ ಸಾಲುಗಳಲ್ಲಿ ಅಕ್ಷರ ನಡುಗಿತ್ತು. ಬಾಕಿ ಒಬ್ಬರು. ಲಂಗರು ಎತ್ತಿಲ್ಲ.

ಹೊರಗೆ ಮಳೆ ಹಿಡಿದಿತ್ತು. ಮಾಮಿ ಜಗಲಿಯ ಬೆಂಚಿನ ಒಂದು ತುದಿಯಲ್ಲಿ ಕುಳಿತು ಅಂಗಳ ನೋಡುತ್ತಿದ್ದರು. ನಾನು ಮಾವನ ಕಂಬಳಿ ಕೋಟು ಹಾಕಿಕೊಂಡೆ. ತೋಳು ಗಿಡ್ಡ, ಗುಂಡಿ ಒಂದೂ ಸರಿಯಾಗಿ ಬೀಳಲಿಲ್ಲ. ಬೀದಿಯಲ್ಲಿ ಶಾಲೆಯ ಮಕ್ಕಳು ಹೋಗುತ್ತಿದ್ದರು. ಬಾಗಿಲಲ್ಲಿ ಕಂಬಳಿ ಕೋಟು ಹಾಕಿದ ತಮ್ಮ ಹೆಡ್‌ಮಾಸ್ಟರರನ್ನು ಕಂಡು ಕೊಡೆಗಳೆಲ್ಲ ನಿಂತುಬಿಟ್ಟವು. ನಾನು ಒಂದು ಕೈಯಲ್ಲಿ ಗಂಟೆ, ಒಂದು ಕೈಯಲ್ಲಿ ರಿಜಿಸ್ಟ್ರು ಹಿಡಿದು ಜಗಲಿಗೆ ಬಂದೆ.

"ಮಾಮಿ, ನಾನು ಬಂದೆ."

ಅವರು ತಿರುಗಿ ಕೋಟು ನೋಡಿದರು, ರಿಜಿಸ್ಟ್ರು ನೋಡಿದರು. ಅವರಿಗೆ ಎಲ್ಲ ಗೊತ್ತಿತ್ತು. ಸ್ವಲ್ಪ ಸರಿದು ಜಾಗ ಮಾಡಿದರು.

"ಎಷ್ಟು ತಡ ಮಾಡಿದಿ ಮಗ" ಎಂದರು.

ಜೀವಮಾನದಲ್ಲಿ ನನಗೆ ಈ ಮಾತು ಹೇಳಿದವರು ಅವರೊಬ್ಬರೇ.

ಸ್ಟಾಕ್‌ಹೋಮಿನ ಕೊನೆಯ ಸಾಲಿನ ಕೆಳಗೆ ಬರೆದೆ: ಹತ್ತಿದವರು ಒಬ್ಬರು. ಬಾಕಿ ಇಲ್ಲ. ವೇಳೆಯ ಕಾಲಮ್ಮನ್ನು ಖಾಲಿ ಬಿಟ್ಟೆ. ಮಾಮಿ ಮಫ್ಲರು ಸುತ್ತಿಕೊಳ್ಳುತ್ತ, "ಗಂಟೆ ಹೊಡಿ. ಇವರು ಕಾದು ಕಾದು ಸುಸ್ತಾಗಿದ್ದಾರೆ" ಎಂದರು.

ಹೊಡೆದೆ. ಎದುರಿಗೆ ಬರ್ಗೆನ್, ಜೋರು ಮಳೆ.